ಸಂಪಾದಕೀಯ: ಕಣ್ಣಿಗೆ ಕಾಣದ ಮೀನು

ರಜೆಯ ಪ್ರವಾಸ ಮುಗಿಸಿ ಬಂದ ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಕಳೆದ ವಾರ ನನ್ನನ್ನು ಕೇಳಿದಳು: “ಮೀನನ್ನು ಎತ್ತಿಟ್ಟರೂ ಅದು ಬೆಂದ ನೀರು ಉಳಿಯುತ್ತದಲ್ಲ, ಅದನ್ನು ನಾವು ತಿನ್ನಬಹುದಾ?” ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಿದ್ದರೂ, ಬರೆಯಬೇಕೆಂದಿದ್ದ ವಿಷಯವನ್ನು ಬದಿಗಿಟ್ಟು ಈ ಪುಟವನ್ನು ಅವಳ ಪ್ರಶ್ನೆಗೇ ಕೊಡುತ್ತಿದ್ದೇನೆ. ಪರದೇಶದಲ್ಲಿ ಸಸ್ಯಾಹಾರಿಗೆ ಹೆಚ್ಚಾಗಿ ತೊಡಕಾಗುವುದು ಸಾರಿನಲ್ಲಿ, ಕೊಬ್ಬಿನಲ್ಲಿ, ಸಾಸಿನಲ್ಲಿ ಕರಗಿಹೋದ ಪದಾರ್ಥವೇ.

ಕೆಲವು ವರ್ಷಗಳ ಹಿಂದೆ ತಾಯಿಯವರೊಂದಿಗೆ ಜಪಾನಿನ ಕ್ಯೋಟೋಗೆ ಹೋಗಿದ್ದೆ. ಸಣ್ಣ ಹೋಟೆಲೊಂದರಲ್ಲಿ ತರಕಾರಿಯ ಉಡಾನ್ ನೂಡಲ್ಸ್ ಕೇಳಿದಾಗ, ಅದರಲ್ಲಿ ಮಾಂಸವಿಲ್ಲವೆಂದು ಬಡಿಸುವಾಕೆ ಹೇಳಿದರು. ಅವರ ಮಾತು ನಿಜವೇ ಆಗಿತ್ತು. ಆದರೆ ಅಲ್ಲಿ ಸಾರಿಗೆ ಆಧಾರವಾದ ದಾಶಿಯನ್ನು ಸಾಮಾನ್ಯವಾಗಿ ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ಚೂರುಗಳಿಂದ ತೆಗೆಯುತ್ತಾರೆ. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಮೀನಿನ ದಾಶಿಯೂ ಬೇಡವೆಂದು ಸ್ನೇಹಿತರೊಬ್ಬರು ಜಪಾನಿ ಭಾಷೆಯಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನು ತೋರಿಸಿದೆ. ಆಕೆ ಅದನ್ನು ಓದಿ, ಏನೂ ಹೇಳದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ವಯಸ್ಸಾದ ಅಡುಗೆಯವರು ಕೈ ಒರೆಸಿಕೊಳ್ಳುತ್ತಾ ಬಂದು, ತಾಯಿಯವರಿಗೆ ತಲೆಬಾಗಿ, ಕಾಯುವಂತೆ ಸನ್ನೆ ಮಾಡಿದರು. ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆ ಹಾಕಿ ಬೇರೆ ಪಾತ್ರೆಯಲ್ಲಿ ಹೊಸದಾಗಿ ಸಾರು ಕಾಯಿಸಿ ತಂದರು. ಬೌದ್ಧ ಮಠಗಳ ಶೋಜಿನ್ ರ್ಯೋರಿ ಅಡುಗೆಯಲ್ಲಿ ಇದೇ ಕ್ರಮವಿದೆಯೆಂದು ಆಮೇಲೆ ತಿಳಿಯಿತು. ತಾಯಿಯವರು ಬಟ್ಟಲು ಬರಿದು ಮಾಡಿ, ಚೀಟಿಯನ್ನು ನನ್ನಿಂದ ಇಸಿದುಕೊಂಡು ಪರ್ಸಿನಲ್ಲಿಟ್ಟುಕೊಂಡರು. ಅಲ್ಲಿಂದ ಮುಂದೆ ಪ್ರತಿ ಊಟಕ್ಕೂ ಅದನ್ನು ಅವರೇ ತೋರಿಸುತ್ತಿದ್ದರು.

ಆದ್ದರಿಂದ ‘ಇದು ಸಸ್ಯಾಹಾರವೇ’ ಎಂದು ಕೇಳುವುದಕ್ಕಿಂತ, ಏನೇನು ಬೇಡವೆಂಬುದನ್ನು ಆ ನಾಡಿನ ಭಾಷೆಯಲ್ಲಿ ಬರೆದು ತೋರಿಸುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಥಾಯ್ಲೆಂಡಿನಲ್ಲಿ ಕಟ್ಟುನಿಟ್ಟಾದ ಸಸ್ಯಾಹಾರಕ್ಕೆ ಹೇಳುವ ‘ಜೇ’ ಎಂದರೆ ಮೀನಿನ ಸಾಸೂ ಬರುವುದಿಲ್ಲ, ಬೆಳ್ಳುಳ್ಳಿಯೂ ಬರುವುದಿಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಉಪವಾಸವಿರುವುದರಿಂದ ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆಯಿಲ್ಲದ ಊಟ ಸುಲಭವಾಗಿ ದೊರೆಯುತ್ತದೆ. ಮೆಕ್ಸಿಕೋದಲ್ಲಿ ಬೇಯಿಸಿದ ಕಾಳಿಗೆ ಹಂದಿಯ ಕೊಬ್ಬು ಹಾಕಿರಬಹುದು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿನ ಹಾಲನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ಕಿಣ್ವವಾದ ರೆನೆಟ್‌ನಿಂದ. ಐರೋಪ್ಯ ಒಕ್ಕೂಟದಲ್ಲಿ 14 ಅಲರ್ಜಿಕಾರಕಗಳನ್ನು ತಿಳಿಸುವುದು ಕಡ್ಡಾಯವಾದ್ದರಿಂದ ಹಾಲು, ಮೊಟ್ಟೆ, ಮೀನಿನ ವಿಷಯ ಗೊತ್ತಾಗುತ್ತದೆ, ಆದರೆ ಮಾಂಸ ಆ ಪಟ್ಟಿಯಲ್ಲಿಲ್ಲ.

ಊರಿನಿಂದ ಬರುವ ಹಿರಿಯರಿಗೆ ಟಿಕೆಟ್ ಮಾಡಿಸುವವರು ಇದನ್ನು ದಯವಿಟ್ಟು ಗಮನಿಸಿ: ವಿಮಾನದ ‘ಹಿಂದೂ ಊಟ’, ಅಂದರೆ ಊಟದ ಸಂಕೇತಗಳಲ್ಲಿ ಎಚ್‌ಎನ್‌ಎಂಎಲ್, ಮಾಂಸಾಹಾರವಾಗಿರಬಹುದು. ಹಾಲು ಮೊಸರಿನ ಸಸ್ಯಾಹಾರ ಬೇಕಿದ್ದರೆ ಎವಿಎಂಎಲ್, ಹಾಲು ಮೊಸರೂ ಇಲ್ಲದ ವೀಗನ್ ಊಟಕ್ಕೆ ವಿಜಿಎಂಎಲ್ ಎಂದು ಮುಂಚಿತವಾಗಿಯೇ ನಮೂದಿಸಬೇಕು.

ಸ್ಥಳ ಮುಗಿಯುತ್ತಿರುವುದರಿಂದ ಸೂಚನೆಗಳನ್ನು ಇಲ್ಲಿಯೇ ಸೇರಿಸುತ್ತಿದ್ದೇನೆ: ವಾರ್ಷಿಕ ಸಭೆ ಮುಂದಿನ ತಿಂಗಳ ಎರಡನೆಯ ಭಾನುವಾರ, ಅಂದಿನ ಊಟದಲ್ಲಿ ವೀಗನ್ ಪಂಕ್ತಿ ಬೇಕಾದವರು ನೋಂದಣಿಯಲ್ಲೇ ತಿಳಿಸಿ, ಮಕ್ಕಳ ಕನ್ನಡ ತರಗತಿ ಆ ದಿನ ಇರುವುದಿಲ್ಲ. ಪ್ರವಾಸಿಗರಿಗಾಗಿ ಇಂತಹ ಚೀಟಿಗಳನ್ನು ಹಲವು ಭಾಷೆಗಳಲ್ಲಿ ಅಚ್ಚು ಹಾಕಿಸುವ ಆಸೆ ನಮಗಿದೆ, ಆದರೆ ಸುದ್ದಿಪತ್ರದ ಕೆಲಸಕ್ಕೇ ಇಬ್ಬರು ಸಾಲುತ್ತಿಲ್ಲ. ಬೇರೆ ಭಾಷೆ ಬಲ್ಲವರು, ಕರಡು ತಿದ್ದಬಲ್ಲವರು ದಯವಿಟ್ಟು ಮುಂದೆ ಬನ್ನಿ. ಪೋರ್ಚುಗೀಸ್ ಮತ್ತು ಕೊರಿಯನ್ ಚೀಟಿಗಳು ಮೊದಲು ಬೇಕಾಗಿವೆ. ಬೇಸಿಗೆಗೆ ಟಿಕೆಟ್ ಕಾದಿರಿಸಿದ ಕುಟುಂಬಗಳು ಈಗಾಗಲೇ ಕೇಳುತ್ತಿವೆ.