ಕಂಪ್ಯೂಟರ್ ಪ್ರಯೋಗಾಲಯದ ಮೆಮೊರಿ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೆ,

ಕಳೆದ ಸಭೆಯ ದಿನ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಬಂದಿದ್ದ ತಮ್ಮಲ್ಲಿ ಕೆಲವರು, ಅಳವಡಿಸಿದ ಮೆಮೊರಿ 8 ಜಿಬಿ, ಬಳಕೆಗೆ ಸಿಗುವುದು 3.25 ಜಿಬಿ ಎಂದು ಪರದೆಯ ಮೇಲೆ ಇದ್ದುದನ್ನು ಗಮನಿಸಿ, ತಮ್ಮ ವಂತಿಗೆಯಿಂದ ಕೊಂಡ ಈ ಮೆಮೊರಿಯ, ಅಂದರೆ ರ‍್ಯಾಮ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಎಲ್ಲಿ ಹೋಯಿತೆಂದು ಲಿಖಿತವಾಗಿ ಕೇಳಿದ್ದೀರಿ. ಹಣ ಕೊಟ್ಟವರು ಲೆಕ್ಕ ಕೇಳುವುದು ನ್ಯಾಯವೇ. ಅದನ್ನು ನಾನು ಆಕ್ಷೇಪಣೆಯೆಂದು ತೆಗೆದುಕೊಂಡಿಲ್ಲ.

ರ‍್ಯಾಮ್ ಎಲ್ಲಿಯೂ ಹೋಗಿಲ್ಲ. ಕೊಂಡಷ್ಟೂ ಯಂತ್ರಗಳೊಳಗೇ ಇದೆ, ಅದರಲ್ಲಿ ದೋಷವೂ ಇಲ್ಲ. ಅದನ್ನು ಪೂರ್ತಿ ಬಳಸಲಾರದೆ ಇರುವುದು ನಮ್ಮ ಯಂತ್ರಗಳಲ್ಲಿರುವ ಹಳೆಯ ಆಪರೇಟಿಂಗ್ ಸಿಸ್ಟಮ್ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ), ಅಂದರೆ 32-ಬಿಟ್‌ನ ವಿಂಡೋಸ್ 7.

ನಮ್ಮ ಹಾಜರಿ ಪುಸ್ತಕವನ್ನೇ ನೆನೆಯಿರಿ. ಕ್ರಮಸಂಖ್ಯೆಯ ಅಂಕಣದಲ್ಲಿ ಎರಡೇ ಅಂಕಿಗಳಿಗೆ ಜಾಗವಿದ್ದರೆ 00ರಿಂದ 99ರವರೆಗೆ ನೂರು ಮಕ್ಕಳನ್ನು ಮಾತ್ರ ದಾಖಲಿಸಬಹುದು. ತರಗತಿಯಲ್ಲಿ ಇನ್ನೂರು ಮಕ್ಕಳು ಕುಳಿತಿದ್ದರೂ ಉಳಿದವರನ್ನು ಕರೆಯಲು ಸಂಖ್ಯೆಯೇ ಇರುವುದಿಲ್ಲ. ಕಂಪ್ಯೂಟರ್ ಕೂಡ ಮೆಮೊರಿಯ ಪ್ರತಿಯೊಂದು ಬೈಟ್ ಅನ್ನು ಒಂದು ಸಂಖ್ಯೆಯಿಂದಲೇ ಗುರುತಿಸುತ್ತದೆ; ಆ ಸಂಖ್ಯೆಗೆ ವಿಳಾಸ ಎನ್ನುತ್ತಾರೆ. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ. 32 ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳು ಒಟ್ಟು 4,29,49,67,296, ಅಂದರೆ ಸರಿಯಾಗಿ 4 ಜಿಬಿ. ಆ ಸಂಖ್ಯೆಗಳೂ ಎಲ್ಲವೂ ರ‍್ಯಾಮ್‌ಗೆ ಸಿಗುವುದಿಲ್ಲ; ವಿಡಿಯೊ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಮೊದಲಾದವುಗಳಿಗೂ ಇದರಲ್ಲೇ ಪಾಲು ಕೊಡಬೇಕು. ಹಾಗಾಗಿಯೇ ನಾಲ್ಕು ಎನ್ನುವುದು ಮೂರೂಕಾಲಾಗಿದೆ. ನನ್ನಂತೆ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದ ಕಾಲದಲ್ಲಿ ಕಲಿತವರಿಗೆ ಇದು ಹೊಸತಲ್ಲ: ಆಗ 1 ಎಂಬಿ ವಿಳಾಸಗಳಲ್ಲಿ 384 ಕೆಬಿ ಪರದೆ ಮುಂತಾದವುಗಳಿಗೆ ಮೀಸಲಾಗಿ, ಪ್ರೋಗ್ರಾಮ್‌ಗಳಿಗೆ 640 ಕೆಬಿ ಉಳಿಯುತ್ತಿತ್ತು.

ಪೋಷಕರೊಬ್ಬರು, 1995ರ ಪೆಂಟಿಯಮ್ ಪ್ರೊ ಕಾಲದಿಂದಲೇ 32-ಬಿಟ್ ಪ್ರೊಸೆಸರ್‌ಗಳು 36 ಬಿಟ್‌ಗಳ ವಿಳಾಸ ಬಳಸಿ 64 ಜಿಬಿಯವರೆಗೆ ತಲುಪಬಲ್ಲವಾಗಿದ್ದವು, ಹಾಗಿರುವಾಗ ಶಾಲೆಯ ವಿವರಣೆಯನ್ನು ಒಪ್ಪುವುದು ಹೇಗೆ ಎಂದು ಬರೆದಿದ್ದಾರೆ. ಅವರು ಹೇಳಿದ್ದು ನಿಜ, ಮತ್ತು ಆ ಸೌಲಭ್ಯವನ್ನು ವಿಂಡೋಸ್‌ನ ಕೆಲವು ಸರ್ವರ್ ಆವೃತ್ತಿಗಳು ಬಳಸಿಕೊಂಡದ್ದೂ ನಿಜ. ಆದರೆ 4 ಜಿಬಿಗೂ ಮೇಲಿನ ವಿಳಾಸ ಬಂದಾಗ, ಸಾಧನಗಳನ್ನು ನಡೆಸುವ ಎಷ್ಟೋ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು ತಪ್ಪು ಮಾಡುತ್ತಿದ್ದುದರಿಂದ, ಮನೆ ಮತ್ತು ಕಚೇರಿಗಳ 32-ಬಿಟ್ ಆವೃತ್ತಿಗಳನ್ನು ಮೈಕ್ರೋಸಾಫ್ಟ್ 4 ಜಿಬಿಗೇ ನಿಲ್ಲಿಸಿತು. ನಮ್ಮಲ್ಲಿರುವುದು ಆ ಬಗೆಯದು.

ಮತ್ತೆ ಹೇಳುತ್ತೇನೆ, ರ‍್ಯಾಮ್ ಕಳುವಾಗಿಲ್ಲ. ಯಾರಿಗಾದರೂ ಸಂದೇಹ ಉಳಿದಿದ್ದರೆ ಶಾಲಾ ವೇಳೆಯಲ್ಲಿ ದಯವಿಟ್ಟು ಬನ್ನಿ. ತಮ್ಮೆದುರಿಗೇ ಯಂತ್ರ ಬಿಚ್ಚಿ ತೋರಿಸುತ್ತೇವೆ. ಒಂದು ಯಂತ್ರವನ್ನು ಪೆನ್‌ಡ್ರೈವ್‌ನಲ್ಲಿದ್ದ ಮತ್ತೊಂದು ಆಪರೇಟಿಂಗ್ ಸಿಸ್ಟಮ್ ಆದ 64-ಬಿಟ್ ಲಿನಕ್ಸ್‌ನಿಂದ ಚಾಲೂ ಮಾಡಿ ನೋಡಿದಾಗ, ಅದೇ ರ‍್ಯಾಮ್ ಹೆಚ್ಚುಕಡಿಮೆ ಪೂರ್ತಿಯಾಗಿ ಬಳಕೆಗೆ ಸಿಕ್ಕಿತು.

ತಪ್ಪು ನಡೆದಿರುವುದು ಬೇರೆಡೆ. ಕೊಳ್ಳುವ ಮೊದಲು ಆಪರೇಟಿಂಗ್ ಸಿಸ್ಟಮ್ ಯಾವುದೆಂದು ವಿಚಾರಿಸಬೇಕಿತ್ತು. ವಿಚಾರಿಸಬೇಕಾದವನು ನಾನು, ವಿಚಾರಿಸಲಿಲ್ಲ. ವಿಡಿಯೊ ಜೋಡಿಸುವಾಗ ಪ್ರೋಗ್ರಾಮ್ ನಿಂತುಹೋಗುತ್ತದೆ ಎಂದು ಮಕ್ಕಳು ದೂರಿದಾಗ ರ‍್ಯಾಮ್ ಹೆಚ್ಚಿಸಿದರೆ ಸಾಕೆಂದು ಭಾವಿಸಿದೆವು. 32-ಬಿಟ್ ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮ್‌ಗೆ ಸಾಮಾನ್ಯವಾಗಿ ಸಿಗುವ ವಿಳಾಸಗಳೇ 2 ಜಿಬಿಯಷ್ಟು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಆದ್ದರಿಂದ ಮುಂದಿನ ವಾರ ಪ್ರಯೋಗಾಲಯವನ್ನು ಮುಚ್ಚಿ, ಯಂತ್ರಗಳಿಗೆ 64-ಬಿಟ್ ಲಿನಕ್ಸ್ ಹಾಕಲಿದ್ದೇವೆ. ವಿಂಡೋಸ್ 7ರದೇ 64-ಬಿಟ್ ಆವೃತ್ತಿ ಹಾಕಬಾರದೇಕೆಂದು ಕೇಳಿದವರಿಗೆ ಉತ್ತರ ಸರಳವಾಗಿದೆ: ಅದಕ್ಕೆ ಸಾಮಾನ್ಯ ಬಳಕೆದಾರರಿಗೆ ಸಿಗುತ್ತಿದ್ದ ಭದ್ರತಾ ಪರಿಷ್ಕರಣೆಗಳು 2020ರ ಜನವರಿಯಲ್ಲೇ ನಿಂತಿವೆ. 64-ಬಿಟ್ ಪ್ರೊಸೆಸರ್ ಇಲ್ಲದ ಎರಡು ಹಳೆಯ ಯಂತ್ರಗಳು ಮಾತ್ರ ಈಗಿರುವಂತೆಯೇ, ಇಂಟರ್ನೆಟ್ ಸಂಪರ್ಕವಿಲ್ಲದೆ, ಬೆರಳಚ್ಚು ಅಭ್ಯಾಸಕ್ಕೆ ಉಳಿಯುತ್ತವೆ. ಆ ಅಭ್ಯಾಸದ ಪ್ರೋಗ್ರಾಮ್ 16-ಬಿಟ್ ಕಾಲದ್ದು, 64-ಬಿಟ್ ವಿಂಡೋಸ್‌ನಲ್ಲಿ ಅದು ನಡೆಯುವುದೇ ಇಲ್ಲ.

ಪರೀಕ್ಷೆ ಸಮೀಪಿಸಿರುವಾಗ ಒಂದು ವಾರ ಮುಚ್ಚುವುದು ತಮಗೆ ಹಿಡಿಸದೆಂದು ಬಲ್ಲೆ. ಆದರೂ ದಿನಾಂಕವನ್ನು ಮುಂದೂಡುವುದಿಲ್ಲ. ತಪ್ಪಿದ ಪಾಠಗಳನ್ನು ಶನಿವಾರಗಳಂದು ತುಂಬಿಕೊಡುತ್ತೇವೆ. ಈ ಕೆಲಸದಲ್ಲಿ ಹಾರ್ಡ್ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮಕ್ಕಳು ಮಾಡಿಟ್ಟ ಚಿತ್ರ, ವಿಡಿಯೊ, ಪ್ರಬಂಧಗಳೂ ಸೇರಿದಂತೆ.

ಮಗುವಿನ ಹೆಸರು ಮತ್ತು ತರಗತಿ ಬರೆದ ಪೆನ್‌ಡ್ರೈವ್ ಒಂದನ್ನು ಶುಕ್ರವಾರದೊಳಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು