ಅಜ್ಜಿಯ ಮುಖ ಹಿಗ್ಗಿಸಿ ಕೊಟ್ಟಿದ್ದೀರಿ, ಕ್ಯಾಸೆಟ್‌ನಿಂದಲೇ ಮತ್ತೆ ಮಾಡಿಕೊಡಿ

ಸ್ಟುಡಿಯೋ ಮಾಲೀಕರಿಗೆ ನಮಸ್ಕಾರ.

ಹೋದ ತಿಂಗಳು ಅಕ್ಕನ ಮದುವೆಯ ಮೂರು ಮಿನಿ ಡಿವಿ ಕ್ಯಾಸೆಟ್ ನಿಮಗೆ ಕೊಟ್ಟಿದ್ದೆ. 2004ರಲ್ಲಿ ತೆಗೆದದ್ದು, ಒಂದೊಂದೂ ಒಂದು ಗಂಟೆಯದ್ದು. ಡಿವಿಡಿ ಮಾಡಿ, ಮೊಬೈಲಲ್ಲಿ ನೋಡೋಕೆ ಎಂಪಿ4 ಕೂಡ ಕೊಡಿ ಎಂದು 2,400 ರೂಪಾಯಿ ಮೊದಲೇ ಕಟ್ಟಿದ್ದೆ. ಭಾನುವಾರ ಮನೆಯವರೆಲ್ಲ ಟಿವಿ ಮುಂದೆ ಕೂತು ಡಿಸ್ಕ್ ಹಾಕಿದೆವು. ಐದು ನಿಮಿಷಕ್ಕೆ ಅಮ್ಮ ಎದ್ದು ಒಳಗೆ ಹೋದರು.

ಆ ಕ್ಯಾಸೆಟ್‌ನಲ್ಲಿ ನಮ್ಮ ಅಜ್ಜಿ ಸೋಬಾನೆ ಹಾಡಿದ್ದಾರೆ. ಅಜ್ಜಿ ಈಗಿಲ್ಲ, ಅವರ ದನಿ ನಮ್ಮ ಹತ್ತಿರ ಉಳಿದಿರುವುದು ಇದೊಂದರಲ್ಲೇ. ತೆಳ್ಳಗಿದ್ದ ಅಜ್ಜಿಯ ಮುಖ ನಿಮ್ಮ ಡಿಸ್ಕ್‌ನಲ್ಲಿ ಗುರುತೇ ಸಿಗದಷ್ಟು ಅಗಲವಾಗಿದೆ. ಆ ಕ್ಯಾಮೆರಾ ತೆಗೆದದ್ದು 4:3 ಚಿತ್ರ (ಅಗಲ ನಾಲ್ಕು ಪಾಲಾದರೆ ಎತ್ತರ ಮೂರು), ನೀವು ಅದನ್ನು ಅಗಲ ಟಿವಿಯ 16:9ಕ್ಕೆ ಎಳೆದಿದ್ದೀರಿ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ (PAL) ಡಿವಿಡಿಯಲ್ಲಿ ಎರಡಕ್ಕೂ ಫ್ರೇಮ್, ಅಂದರೆ ಒಂದೊಂದು ಚಿತ್ರ, 720x576 ಚುಕ್ಕೆಗಳದ್ದೇ ಇರುತ್ತದೆ, ಯಾವ ಆಕಾರದಲ್ಲಿ ತೋರಿಸಬೇಕು ಅನ್ನೋದು ಬರ್ನ್ ಮಾಡುವ ಮುಂಚೆ ಇಡುವ ಒಂದೇ ಒಂದು ಸೆಟ್ಟಿಂಗ್. ಅದನ್ನೂ ನೋಡಲಿಲ್ಲ ಅಲ್ವಾ?

ಎಂಪಿ4 ಇನ್ನೂ ಹಾಳು. 1280x720ಕ್ಕೆ ಹಿಗ್ಗಿಸಿದ್ದೀರಿ. ಎತ್ತರ 720 ಬೇಕಿದ್ದರೆ ಅಗಲ 960 ಸಾಕಿತ್ತು, ಎರಡು ಬದಿಗೆ ಕಪ್ಪು ಪಟ್ಟಿ ಬಂದರೆ ನಮಗೇನೂ ಬೇಜಾರಿಲ್ಲ. ಅದೂ ಡಿಇಂಟರ್‌ಲೇಸ್ ಮಾಡದೆ (ಒಂದು ಬಿಟ್ಟು ಒಂದು ಗೆರೆಯಾಗಿ ತೆಗೆದ ಅರ್ಧರ್ಧ ಚಿತ್ರಗಳನ್ನು ಪೂರ್ತಿ ಚಿತ್ರ ಮಾಡದೆ) ಸೈಜ್ ಬದಲಿಸಿದ್ದೀರಿ, ಹಾಗಾಗಿ ಅಜ್ಜಿ ಆರತಿ ಎತ್ತುವಾಗ ಕೈ ಅಲುಗಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು. ಸೆಕೆಂಡಿಗೆ 25 ಫ್ರೇಮ್ ಇದ್ದದ್ದನ್ನು 30 ಮಾಡಿ ಮೆರವಣಿಗೆಯೆಲ್ಲ ತಡವರಿಸುವಂತೆ ಆಗಿದೆ.

ಫೋನ್ ಮಾಡಿದರೆ ನಿಮ್ಮ ಹುಡುಗ, ಹಳೇ ಕ್ಯಾಸೆಟ್ ಸಾರ್, ಕ್ಲಾರಿಟಿ ಇಷ್ಟೇ ಬರೋದು ಅಂದ. ಒಪ್ಪುವುದಿಲ್ಲ. ನಮ್ಮ ಕ್ಯಾಮೆರಾ ಕೆಡುವ ಮೊದಲು ಇದೇ ಕ್ಯಾಸೆಟ್‌ಗಳನ್ನು ಟಿವಿಗೆ ಹಾಕಿ ಎಷ್ಟೋ ಸಲ ನೋಡಿದ್ದೇವೆ, ಸೀರೆಯ ಅಂಚಿನ ಕುಸುರಿ ಕೂಡ ಕಾಣುತ್ತಿತ್ತು. ನೀವು ಮೂರು ಗಂಟೆಯನ್ನು 4.7 ಜಿಬಿಯ ಒಂದೇ ಡಿಸ್ಕ್‌ಗೆ ತುರುಕಿದ್ದೀರಿ. ಲೆಕ್ಕ ಹಾಕಿ ನೋಡಿ, ಸದ್ದೂ ಸೇರಿ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಮಾಹಿತಿ ಮಾತ್ರ ಸಿಗುತ್ತದೆ, ಅದು ಕಡಿಮೆಯಾದಷ್ಟೂ ಚಿತ್ರ ಮಸುಕು. ಕ್ಯಾಸೆಟ್‌ಗೊಂದು ಡಿಸ್ಕ್ ಮಾಡಿದ್ದರೆ 8 ಮೆಗಾಬಿಟ್ ಆರಾಮಾಗಿ ಕೊಡಬಹುದಿತ್ತು. ಖಾಲಿ ಡಿಸ್ಕ್‌ಗೆ ಎಷ್ಟು ಮಹಾ ದುಡ್ಡು? ಕೇಳಿದ್ದರೆ ನಾನೇ ಕೊಡುತ್ತಿದ್ದೆ.

ಈಗಿನ ಫೈಲನ್ನೇ ತಿದ್ದಿ ಕೊಡಬೇಡಿ, ಅದರಲ್ಲಿ ಹೋದದ್ದು ಮತ್ತೆ ಬರುವುದಿಲ್ಲ. ಕ್ಯಾಸೆಟ್‌ನಿಂದ ಫೈರ್‌ವೈರ್ (ಚಿತ್ರವನ್ನು ಇದ್ದ ಹಾಗೇ ಕಂಪ್ಯೂಟರ್‌ಗೆ ಕಳಿಸುವ ಕೇಬಲ್) ಮೂಲಕ ಹೊಸದಾಗಿ ಇಳಿಸಿ. ಆ ಮೂಲ ಡಿವಿ ಫೈಲೂ ನನಗೆ ಬೇಕು. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಹಾರ್ಡ್ ಡಿಸ್ಕ್ ನಾನೇ ತರುತ್ತೇನೆ. ಹತ್ತು ದಿನದೊಳಗೆ ಆಗದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡಿ, ಬೇರೆ ಕಡೆ ಮಾಡಿಸುತ್ತೇನೆ.

ಕ್ಯಾಸೆಟ್‌ಗಳು ಇನ್ನೂ ನಿಮ್ಮ ಹತ್ತಿರವೇ ಇವೆ. ತೇವ, ಬಿಸಿಲು ತಾಗದ ಕಡೆ ಇಡಿ. ಶನಿವಾರ ಬೆಳಿಗ್ಗೆ ಅಂಗಡಿಗೆ ಬರುತ್ತೇನೆ, ಅಷ್ಟರಲ್ಲಿ ಮೂರನ್ನೂ ತೆಗೆದು ಎದುರಿಗಿಟ್ಟಿರಿ.