ಬಾಗಿಲು ತೆರೆದು ನಿಂತವನು

ಬಫಲೋ, ನ್ಯೂಯಾರ್ಕ್

ಪ್ರೀತಿಯ ಅಮ್ಮ,

ನಿಮ್ಮ ಬಫಲೋದಲ್ಲಿ ಹಿಮ ಬಿಟ್ಟರೆ ಬೇರೇನಿದೆ ಅಂತ ಫೋನಿನಲ್ಲಿ ಕೇಳಿದೆಯಲ್ಲ? ಇದೇ ಊರಿನಲ್ಲಿ ಸಂಸಾರ ಮಾಡಿದ ಒಂದು ಜೋಡಿಯ ಕಥೆ ಹೇಳುತ್ತೇನೆ. ಅಜ್ಜಿಗೂ ಓದಿ ಹೇಳು. ಮೊದಲರ್ಧ ಮಾತ್ರ ಸ್ವಲ್ಪ ಗಟ್ಟಿ ಮನಸ್ಸು ಮಾಡಿಕೊಳ್ಳಿ.

ಗೆರ್ಡಾ ವೈಸ್‌ಮನ್ ಪೋಲೆಂಡಿನ ಬಿಯೆಲ್ಸ್ಕೊ ಊರಿನ ಯಹೂದಿ ಹುಡುಗಿ. 1939ರಲ್ಲಿ ಜರ್ಮನ್ನರು ನುಗ್ಗಿದಾಗ ಆಕೆಗೆ 15 ವರ್ಷ. ಅಣ್ಣ ಆಗಲೇ ದೂರವಾದ. 1942ರಲ್ಲಿ ಅಪ್ಪ ಅಮ್ಮನಿಂದಲೂ ಬೇರೆ ಮಾಡಿದರು. ಅದಕ್ಕೆ ಮುಂಚೆ ಅಪ್ಪ ಒಂದು ಹಟ ಹಿಡಿದರಂತೆ: ನೀನು ಹೊರಡುವಾಗ ದಪ್ಪ ಸ್ಕೀ ಬೂಟು ಹಾಕಿಕೊಂಡೇ ಹೋಗಬೇಕು ಅಂತ. ಅದು ಜೂನ್, ನಡು ಬೇಸಿಗೆ! ಏನು ಹೇಳಿದರೂ ಅವರು ಕೇಳಲಿಲ್ಲ.

ಆಮೇಲೆ ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ, ಬಟ್ಟೆ ಗಿರಣಿಗಳಲ್ಲಿ ದುಡಿತ. 1945ರ ಜನವರಿಯಲ್ಲಿ ನಾಜಿಗಳು ಆ ಹುಡುಗಿಯರನ್ನೆಲ್ಲ ಹಿಮದಲ್ಲಿ ನಡೆಸಿಕೊಂಡು ಹೊರಟರು. ಸುಮಾರು 550 ಕಿಲೋಮೀಟರ್, ಅಮ್ಮ. ದಾರಿಯುದ್ದಕ್ಕೂ ಸತ್ತವರೇ ಜಾಸ್ತಿ. ಗೆರ್ಡಾಳ ಕಾಲಲ್ಲಿ ಆ ಬೂಟಿತ್ತು. ಮನೆಯವರ ಫೋಟೋಗಳನ್ನೂ ಅದರೊಳಗೇ ಬಚ್ಚಿಟ್ಟುಕೊಂಡಿದ್ದಳು.

ಮೇ 7ರಂದು, 21 ತುಂಬಲು ಒಂದೇ ದಿನ ಇರುವಾಗ, ಚೆಕೊಸ್ಲೊವಾಕಿಯಾದ ವೊಲಾರಿ ಊರಿಗೆ ಅಮೆರಿಕದ ಸೈನಿಕರ ಜೀಪ್ ಬಂತು. ಗೆರ್ಡಾ ಒಂದು ಪಾಳು ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದಳು. ತೂಕ 31 ಕಿಲೋ. ತಲೆಯೆಲ್ಲ ಬೆಳ್ಳಗಾಗಿತ್ತು. ಸ್ನಾನ ಕಂಡು ಮೂರು ವರ್ಷ. ಜೀಪಿನಿಂದಿಳಿದ ಲೆಫ್ಟಿನೆಂಟ್ ಕರ್ಟ್ ಕ್ಲೈನ್‌ಗೆ ಆಕೆ ಮೊದಲು ಹೇಳಿದ್ದು, ನಾವು ಯಹೂದಿಗಳು ಅಂತ. ಆತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನೂ ಅಂದ. ಒಳಗಿರುವ ಉಳಿದವರನ್ನು ನೋಡಬಹುದಾ ಅಂತ ಮರ್ಯಾದೆಯಿಂದ ಕೇಳಿ, ಬಾಗಿಲು ತೆರೆದು ಹಿಡಿದು, ಆಕೆ ಮುಂದೆ ಹೋಗಲಿ ಅಂತ ನಿಂತ. ತಾನೂ ಮನುಷ್ಯಳು ಅನ್ನುವುದು ಆ ಗಳಿಗೆಯಲ್ಲಿ ಮತ್ತೆ ನೆನಪಾಯಿತು ಅಂತ ಆಕೆ ಕೊನೆಯವರೆಗೂ ಹೇಳುತ್ತಿದ್ದರು.

ಅಮೆರಿಕದ ಸೈನಿಕ ಬಡಪಾಯಿ ಹುಡುಗಿಯನ್ನು ಕಾಪಾಡಿದ ಕಥೆ ಅಂತಲೇ ಇಲ್ಲಿ ಎಲ್ಲರೂ ಹೇಳುವುದು. ನನಗೆ ಹಾಗನ್ನಿಸುವುದಿಲ್ಲ. ಕರ್ಟ್ ಹುಟ್ಟಿದ್ದು ಜರ್ಮನಿಯಲ್ಲೇ. 1937ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಅಮೆರಿಕಕ್ಕೆ ಬಂದ. ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಲು ಕಾಗದಪತ್ರಕ್ಕಾಗಿ ಎಷ್ಟು ಪರದಾಡಿದನೋ. 1942ರಲ್ಲಿ ಅವರನ್ನು ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಆಶ್‌ವಿಟ್ಜ್ ಕ್ಯಾಂಪಿಗೆ ಸಾಗಿಸಿಬಿಟ್ಟರು. ಗೆರ್ಡಾಳ ತಾಯಿ ಹೋಗಿದ್ದೂ ಅಲ್ಲಿಗೇ, ಅದೇ ವರ್ಷ. ಆ ಬಾಗಿಲಲ್ಲಿ ಎದುರುಬದುರು ನಿಂತವರು ಇಬ್ಬರು ತಬ್ಬಲಿಗಳು, ಅಲ್ವಾ?

ಆಕೆ ಆಸ್ಪತ್ರೆಯಲ್ಲಿದ್ದಾಗ ಆತ ಬಂದು ಬಂದು ನೋಡಿದ. ಸೆಪ್ಟೆಂಬರಿನಲ್ಲಿ ನಿಶ್ಚಯವಾಯಿತು. ಆದರೆ ಸೈನ್ಯ ಆತನನ್ನು ಅಮೆರಿಕಕ್ಕೆ ವಾಪಸ್ ಕಳಿಸಿತು. ಆಮೇಲೆ ತಿಂಗಳುಗಟ್ಟಲೆ ಬರೀ ಪತ್ರ. ಗುರುತಿನ ಒಂದು ಚೀಟಿಯೂ ಇಲ್ಲದ ಹುಡುಗಿಗೆ ವೀಸಾ ಸುಮ್ನೆ ಸಿಗುತ್ತದೆಯೇ? ಕೊನೆಗೆ 1946ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಮದುವೆಯಾಗಿ ಬಫಲೋಗೆ ಬಂದರು. ಮೂರು ಮಕ್ಕಳಾದರು. ಗೆರ್ಡಾ 1957ರಲ್ಲಿ ತನ್ನ ಕಥೆ ಬರೆದರು, ಶಾಲೆ ಶಾಲೆಗೆ ಹೋಗಿ ಮಾತಾಡಿದರು. 2011ರಲ್ಲಿ ಒಬಾಮ ಅವರಿಗೆ ಪದಕ ತೊಡಿಸಿದರು. ಕರ್ಟ್ 2002ರಲ್ಲಿ ಹೋದರು, ಗೆರ್ಡಾ 2022ರಲ್ಲಿ.

ಅಜ್ಜಿಯ ಮೊದಲ ಪ್ರಶ್ನೆ ನನಗೆ ಗೊತ್ತು: ಮದುವೆಗೆ ಯಾರ್ಯಾರು ಬಂದಿದ್ದರು? ಧಾರೆ ಎರೆಯಲು ಎರಡೂ ಕಡೆಯ ಅಪ್ಪ ಅಮ್ಮ ಇರಲಿಲ್ಲ ಅಂತ ಹೇಳು.

ಅಪ್ಪನ ಶುಗರ್ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು, ಮರೆಯಬೇಡ.

ನಿನ್ನ ಮಗಳು,
ಸುಮಾ